ವಾಡೆಯೊಳಗಿನ ಹುಂಜ

ಫೋನ್ ಬಂದಾಗ ನಾನು ಒಂದು ಎಮ್ಮೆಗೆ ಕರು ಹಾಕಿಸುತ್ತಿದ್ದೆ. "ಡಾಕ್ಟ್ರೇ, ನಮ್ಮ ಬೀದೀಲಿ ಕೋಳಿ ಪಟಪಟ ಅಂತ ಸಾಯ್ತಾವೆ" ಅಂದರು. ಲಸಿಕೆ ಹಾಕಿಸಿದ್ರಾ ಅಂತ ಕೇಳಿದೆ. ಇಲ್ಲ ಅಂದರು. ಸರಿ, ಕೋಳಿಗಳ ಮಾಮೂಲಿ ಕೊಕ್ಕರೆ ರೋಗ, ನಾಳೆ ಬರ್ತೀನಿ ಅಂದೆ. ನಾಳೆ ಅಂದಿದ್ದು ನಾಳಿದ್ದಾಯಿತು. ನಾನು ಮಾಡಿದ ಮೊದಲ ತಪ್ಪು ಇದೇ.

ಊರಿನ ಹೆಸರು ಬೇಡ. ಹೋಗಿ ನೋಡಿದರೆ ತಿಪ್ಪೆಯ ಮೇಲೆ ಕೋಳಿಗಳ ರಾಶಿ, ಸುತ್ತ ನಾಯಿಗಳು. ಒಂದನ್ನು ಎತ್ತಿ ತಿರುಗಿಸಿದೆ. ಜುಟ್ಟು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಾಲಿನ ಚರ್ಮದ ಕೆಳಗೆ ರಕ್ತದ ಕೆಂಪು ಚುಕ್ಕೆಗಳು. ಕೊಕ್ಕರೆ ರೋಗವಾದರೆ ಕತ್ತು ತಿರುಚಿಕೊಂಡು, ಹಸಿರು ಭೇದಿ ಮಾಡಿಕೊಂಡು ಎರಡು ಮೂರು ದಿನ ಒದ್ದಾಡುತ್ತವೆ. ಇಲ್ಲಿ ಸಂಜೆ ಗೂಡಿಗೆ ಹೋದ ಕೋಳಿ ಬೆಳಿಗ್ಗೆ ಏಳುತ್ತಲೇ ಇರಲಿಲ್ಲ. ಕೊಯ್ದು ನೋಡೋಣ ಅಂತ ಚಾಕು ತೆಗೆದಿದ್ದೆ. ಮೂಗಿಗೆ ಮಾಸ್ಕ್ ಇಲ್ಲ, ಕೈಗೆ ಗ್ಲೌಸ್ ಇಲ್ಲ. ಚಾಕು ವಾಪಸ್ ಬ್ಯಾಗಿಗೆ ಹಾಕಿ, ಸೋಪಿನಲ್ಲಿ ಕೈ ತೊಳೆದು, ಹಕ್ಕಿ ಜ್ವರದ ಅನುಮಾನ ಅಂತ ಮೇಲಿನವರಿಗೆ ಫೋನ್ ಮಾಡಿದೆ.

ಹಕ್ಕಿ ಜ್ವರಕ್ಕೆ ಇಷ್ಟೊಂದು ಯಾಕೆ ಹೆದರಬೇಕು ಅಂತ ಕೇಳುವವರಿದ್ದಾರೆ. ಅದರ ವೈರಸ್ ಎಚ್5ಎನ್1 ಮನುಷ್ಯರಿಗೆ ಸುಲಭವಾಗಿ ಅಂಟುವುದಿಲ್ಲ, ನಿಜ. ಆದರೆ 2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಸಿಕ್ಕ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿದ್ದಾರೆ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನಕ್ಕೆ ಬಂದು 6 ಜನ ಸತ್ತಾಗ, ಅಲ್ಲಿನವರು ಕೆಲವೇ ದಿನಗಳಲ್ಲಿ 13ರಿಂದ 15 ಲಕ್ಷ ಕೋಳಿ ಕೊಂದರು. ಭಾರತಕ್ಕೆ ಅದು ಮೊದಲು ಬಂದದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರಕ್ಕೆ. ನಮ್ಮ ಹೆಸರಘಟ್ಟಕ್ಕೆ 2012ರಲ್ಲಿ. 2024ರಲ್ಲಿ ಅಮೆರಿಕದಲ್ಲಿ ಹಾಲು ಕರೆಯುವ ಹಸುಗಳಿಗೇ ತಗುಲಿತು. ಹಸು ಅಂದಮೇಲೆ ನನ್ನಂಥವನಿಗೆ ನಿದ್ದೆ ಬರುತ್ತದಾ?

ಸ್ಯಾಂಪಲ್ ಕೆಲಸ ಹೇಳಿದಷ್ಟು ಸುಲಭವಲ್ಲ. ಗಂಟಲಿಗೊಂದು, ಹಿಂಭಾಗಕ್ಕೊಂದು ಹತ್ತಿ ಕಡ್ಡಿ ಹಾಕಿ ತೆಗೆದು, ದ್ರಾವಣದ ಟ್ಯೂಬಿನಲ್ಲಿ ಅದ್ದಿ, ಕಡ್ಡಿಯ ಬಾಲ ಮುರಿದು ಮುಚ್ಚಳ ಹಾಕಬೇಕು. ಟ್ಯೂಬಿಗೆ ಒಂದು ಹೊದಿಕೆ, ಅದರ ಮೇಲೆ ಇನ್ನೊಂದು, ಆಮೇಲೆ ಐಸ್ ಬಾಕ್ಸ್. ಬಾಕ್ಸ್ ಹಿಡಿದು ಒಬ್ಬರು ಭೋಪಾಲಕ್ಕೆ ಹೋಗಬೇಕು. ಹಕ್ಕಿ ಜ್ವರ ಹೌದೋ ಅಲ್ಲವೋ ಅಂತ ಖಚಿತವಾಗಿ ಹೇಳುವ ಪ್ರಯೋಗಾಲಯ ಇರುವುದು ಅಲ್ಲಿ. ಅಲ್ಲಿಂದ ಹೌದು ಅಂತ ಬಂದರೆ, ದೆಹಲಿಯವರು 24 ಗಂಟೆಯೊಳಗೆ ಪ್ಯಾರಿಸ್ಸಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಈ ಸಂಸ್ಥೆ ಹುಟ್ಟಿದ ಕತೆ ನನಗೆ ಇಷ್ಟ. 1920ರಲ್ಲಿ ಭಾರತದಿಂದ ಬ್ರೆಜಿಲಿಗೆ ಹಡಗಿನಲ್ಲಿ ಹೊರಟಿದ್ದ ಹೋರಿಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದು, ಅಲ್ಲಿನ ದನಗಳಿಗೆ ದೊಡ್ಡ ರೋಗ (ರಿಂಡರ್‌ಪೆಸ್ಟ್) ಅಂಟಿಸಿದವು. ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡರೆ ಯಾರಿಗೂ ಉಳಿಗಾಲವಿಲ್ಲ ಅಂತ ಯುರೋಪಿನವರಿಗೆ ಆಗ ಹೊಳೆಯಿತು. 1924ರಲ್ಲಿ 28 ದೇಶ ಸೇರಿ ಸಂಸ್ಥೆ ಕಟ್ಟಿದವು.

ಭೋಪಾಲದಿಂದ ಹೌದು ಅಂತ ಬಂತು. ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿ ಪೂರ್ತಿ ಕೊಲ್ಲಬೇಕು, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡಬೇಕು ಅಂತ ಆದೇಶ. ನಕ್ಷೆಯ ಮೇಲೆ ವೃತ್ತ ಎಳೆಯುವುದು ಸುಲಭ. ಆ ವೃತ್ತ ಒಂದು ಬೀದಿಯನ್ನು ನಡುವೆ ಸೀಳಿತ್ತು. ಈ ಸಾಲಿನ ಮನೆ ಕೋಳಿಗೆ ಸಾವು, ಎದುರು ಸಾಲಿನ ಕೋಳಿಗೆ ಬದುಕು. ಅವೆರಡೂ ಒಂದೇ ತಿಪ್ಪೆ ಕೆದಕುತ್ತಿದ್ದವು. ಎರಡೂ ಸಾಲು ಸೇರಿಸಿಕೊಂಡೆವು.

ಪಿಪಿಇ ಕಿಟ್ ಎಲ್ಲಾ ಒಂದೇ ಅಳತೆಯವು. ನಮ್ಮ ಸಹಾಯಕನೊಬ್ಬ ಕೂತಾಗ ಹಿಂದೆ ಪರ್ರನೆ ಹರಿಯಿತು, ಟೇಪ್ ಸುತ್ತಿದೆವು. ಹತ್ತು ನಿಮಿಷಕ್ಕೆ ಗಾಗಲ್ಸ್ ಮಂಜಾಗಿ ಎದುರಿನ ಕೋಳಿಯೇ ಕಾಣುತ್ತಿರಲಿಲ್ಲ. ಫ್ಲೂ ತಡೆಯುವ ಟಾಮಿಫ್ಲೂ ಮಾತ್ರೆ ನುಂಗಿ ಕೆಲಸಕ್ಕೆ ಇಳಿದೆವು. ಫಾರಂ ಕೋಳಿಯದು ಸಲೀಸು, ಶೆಡ್ಡಿನೊಳಗೇ ಇರುತ್ತವೆ. ನಾಟಿ ಕೋಳಿಯನ್ನು ಹಗಲು ಹಿಡಿಯೋಕೆ ಹೋದರೆ ನಾವೇ ಬೀಳಬೇಕು. ಮೊದಲ ದಿನ ಬೇಲಿ ಹಾರಿ ಸಾಕಾಯಿತು. ಎರಡನೇ ದಿನದಿಂದ ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚ್ ಹಿಡಿದು ಹೊರಟೆವು. ಗೂಡಿನಲ್ಲೋ, ನುಗ್ಗೆ ಮರದ ಕೊಂಬೆಯಲ್ಲೋ ಮುದುಡಿ ಕೂತಿರುತ್ತವೆ. ಕೈ ಹಾಕಿ ತೆಗೆದರೆ ಗುಟುರೂ ಹಾಕುವುದಿಲ್ಲ. ಕತ್ತು ಎಳೆದು ಮುರಿಯುವುದು, ಚೀಲಕ್ಕೆ ಹಾಕುವುದು, ಜೆಸಿಬಿ ತೋಡಿದ ಗುಂಡಿಗೆ ಸುಣ್ಣದ ಜೊತೆ ಹಾಕಿ ಮುಚ್ಚುವುದು. ಇದರ ಬಗ್ಗೆ ಜಾಸ್ತಿ ಬರೆಯಲಾರೆ. ಪಶುವೈದ್ಯ ಆಗಿದ್ದು ಇದಕ್ಕಲ್ಲ.

ಮೂರನೇ ದಿನ, ಇನ್ನೂ ಕತ್ತಲು. ಬೀದಿ ಮುಗಿಯಿತು ಅಂತ ಪಟ್ಟಿಗೆ ಗೆರೆ ಎಳೆಯುತ್ತಿದ್ದೆ. ಎಲ್ಲಿಂದಲೋ ಬಾವಿಯೊಳಗಿಂದ ಬಂದಂತೆ ಒಂದು ಕೂಗು. ಕೊಕ್ಕೊಕ್ಕೋ. ಜಗಲಿ ಮೇಲೆ ಕೂತಿದ್ದವರೆಲ್ಲ ನೆಲ ನೋಡತೊಡಗಿದರು. ಇನ್ನೊಂದು ಸಲ ಕೂಗಿತು. ಒಬ್ಬ ಅಜ್ಜಿಯ ಮನೆಯ ಮೂಲೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ, ಅದರೊಳಗೆ ಕೆಂಪು ಹುಂಜ, ವಾಡೆಯ ಬಾಯಿಗೆ ಗೋಣಿ ತಾಟು.

"ಅಮ್ಮನಿಗೆ ಬಿಟ್ಟಿರೋದು ಕಣಪ್ಪ" ಅಂದರು ಅಜ್ಜಿ. "ಮಾರಮ್ಮನ ಹಬ್ಬಕ್ಕೆ. ಅದು ನಂದೂ ಅಲ್ಲ, ನಿಂದೂ ಅಲ್ಲ."

ಜೊತೆಯಲ್ಲಿದ್ದ ಒಬ್ಬರು ದಬಾಯಿಸಲು ಹೋದರು. ನಾನು ಕೈ ಅಡ್ಡ ಹಿಡಿದು ಜಗಲಿ ಮೇಲೆ ಕೂತೆ. ದುಡ್ಡು ಕೊಡ್ತಾರೆ ಅಜ್ಜಿ, ಅರ್ಧ ಕೇಂದ್ರದ್ದು ಅರ್ಧ ರಾಜ್ಯದ್ದು ಅಂದೆ. "ಮೊನ್ನೆ ಸತ್ತವಲ್ಲ ಆರು ಕೋಳಿ, ಅವಕ್ಕೆ?" ಅಂದರು. ಅವಕ್ಕೆ ಇಲ್ಲ. ನಾವು ಕೊಂದದ್ದಕ್ಕೆ ಮಾತ್ರ ಪರಿಹಾರ, ರೋಗ ಬಂದು ಸತ್ತದ್ದಕ್ಕಿಲ್ಲ. ನಾನು ಎರಡು ದಿನ ಮೊದಲೇ ಬಂದಿದ್ದರೆ ಆ ಆರಕ್ಕೂ ಸಿಗುತ್ತಿತ್ತೋ ಏನೋ. ಅದನ್ನು ಹೇಳಲು ಬಾಯಿ ಬರಲಿಲ್ಲ.

ಆಗ ನನಗೆ ಇಂಡೋನೇಷ್ಯಾ ನೆನಪಾಯಿತು. 2007ರ ಶುರುವಿನಲ್ಲಿ ಆ ದೇಶ ತನ್ನ ಹಕ್ಕಿ ಜ್ವರದ ವೈರಸ್ ಸ್ಯಾಂಪಲ್ಲುಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡುವುದನ್ನು ನಿಲ್ಲಿಸಿತು. ನಮ್ಮ ವೈರಸ್ ಒಯ್ದು ವಿದೇಶಿ ಕಂಪನಿ ಲಸಿಕೆ ಮಾಡುತ್ತದೆ, ಆ ಲಸಿಕೆ ಕೊಳ್ಳುವ ಶಕ್ತಿ ನಮಗಿಲ್ಲ, ಹಾಗಾದರೆ ಸುಮ್ನೆ ಯಾಕೆ ಕೊಡಬೇಕು ಅನ್ನುವುದು ಅವರ ಪ್ರಶ್ನೆ. ಜಗತ್ತೆಲ್ಲ ಬೈಯಿತು. ಆದರೆ ಪ್ರಶ್ನೆಯಲ್ಲಿ ತಪ್ಪೇನಿತ್ತು? ನಾಲ್ಕು ವರ್ಷ ಜಗ್ಗಾಡಿ, 2011ರಲ್ಲಿ ಒಂದು ಒಪ್ಪಂದವಾಯಿತು. ವೈರಸ್ ಬಳಸುವ ಕಂಪನಿಗಳು ವರ್ಷವರ್ಷ ದುಡ್ಡು ಕಟ್ಟಬೇಕು, ಮಹಾಮಾರಿ ಬಂದಾಗ ಲಸಿಕೆಯಲ್ಲಿ ಪಾಲು ಕೊಡಬೇಕು ಅಂತ. ಅದು ಫ್ಲೂ ಒಂದಕ್ಕೆ ಮಾತ್ರ. 2025ರ ಮೇ 20ರಂದು ಜಿನೀವಾದಲ್ಲಿ ದೊಡ್ಡ ಮಹಾಮಾರಿ ಒಪ್ಪಂದ ಅಂಗೀಕಾರವಾದಾಗಲೂ, ವೈರಸ್ ಕೊಟ್ಟವರಿಗೆ ಏನು ಸಿಗಬೇಕು ಅನ್ನುವ ವಿವರದ ಅನುಬಂಧವನ್ನು ಮಾತ್ರ ಮುಂದಕ್ಕೆ ಹಾಕಿದರು. ಅಜ್ಜಿಯದೂ ಅದೇ ತಕರಾರು, ಅಲ್ವಾ? ತೋರಿಸಿದವರೇ ಕಳೆದುಕೊಳ್ಳುವುದಾದರೆ ವಾಡೆಯ ಬಾಯಿ ಯಾರು ತೆಗೆಯುತ್ತಾರೆ?

ಮಾರಮ್ಮನ ಗುಡಿ ಪೂಜಾರಿಯನ್ನು ಕರೆಸಿದೆವು. ಅವರು ತಲೆ ಕೆರೆದುಕೊಂಡು, "ರೋಗದ ಕೋಳಿ ಅಮ್ಮನಿಗೆ ಆಗಲ್ಲ ಕಣವ್ವ. ಮುಡಿಪು ಕಟ್ಟಿಡು, ಮುಂದಿನ ವರ್ಷ ತೀರಿಸು" ಅಂದರು. ಅಜ್ಜಿ ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಗಂಟು ಹಾಕಿ ದೇವರ ಮುಂದೆ ಇಟ್ಟರು. ಹುಂಜವನ್ನು ಅವರೇ ವಾಡೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಮುಖ ತಿರುಗಿಸಿಕೊಂಡರು. ಈ ಪೂಜಾರಿಯನ್ನು ಮೊದಲ ದಿನವೇ ಕಂಡಿದ್ದರೆ ಇನ್ನೆಷ್ಟು ಮನೆಯ ಅಟ್ಟ ಹತ್ತುವುದು ತಪ್ಪುತ್ತಿತ್ತೋ. ಅಂದಿನಿಂದ ನಮ್ಮ ತಂಡದ ಪಟ್ಟಿಯಲ್ಲಿ ಸುಣ್ಣ, ಜೆಸಿಬಿ, ಪೂಜಾರಿ ಅಂತ ಬರೆದುಕೊಳ್ಳುತ್ತೇನೆ. ಮುಸ್ಲಿಮರ ಬೀದಿಯಾದರೆ ಮಸೀದಿಯ ಹಿರಿಯರು.

ಪ್ಯಾರಿಸ್ಸಿಗೆ ಹೋಗುವ ವರದಿಯಲ್ಲಿ ಇದ್ದ ಕೋಳಿ ಎಷ್ಟು, ಸತ್ತದ್ದೆಷ್ಟು, ಕೊಂದದ್ದೆಷ್ಟು ಅಂತ ಕೇಳುತ್ತಾರೆ. ನನ್ನ ಪಟ್ಟಿಯ ಕಡೇ ಸಾಲು: ಹುಂಜ, ಒಂದು.

ಆಮೇಲಿನದು ಬೇಸರದ ಕೆಲಸ. ಹತ್ತು ದಿನ ನಮ್ಮನ್ನೇ ಆರೋಗ್ಯ ಇಲಾಖೆಯವರು ಜ್ವರ ನೋಡುತ್ತಿದ್ದರು. ಗೂಡುಗಳಿಗೆ ಔಷಧಿ ಹೊಡೆಸಿದೆವು. ಹದಿನೈದು ದಿನಕ್ಕೊಮ್ಮೆ ಸುತ್ತಲಿನ ಹಳ್ಳಿಗಳಿಂದ ಸ್ಯಾಂಪಲ್ ಕಳಿಸಿದೆವು. ಪರಿಹಾರದ ದುಡ್ಡು ಬರಲು ತಿಂಗಳುಗಳೇ ಹಿಡಿದವು. ಅಷ್ಟು ದಿನ ಆ ಬೀದಿಯಲ್ಲಿ ಬೈಕ್ ನಿಲ್ಲಿಸದೆ ಹೋಗುತ್ತಿದ್ದೆ. ಅಜ್ಜಿ ಜಗಲಿ ಮೇಲೆ ಕೂತಿದ್ದರೆ ಇನ್ನೂ ಜೋರಾಗಿ.

ಮುಂದಿನ ವರ್ಷ ಹಬ್ಬಕ್ಕೆ ಇನ್ನೂ ತಿಂಗಳಿರುವಾಗ ಅಜ್ಜಿಯ ಮೊಮ್ಮಗ ಫೋನ್ ಮಾಡಿದ. "ಸಾರ್, ಪಕ್ಕದ ಮನೇಲಿ ಎರಡು ಕೋಳಿ ಸತ್ತಿವೆ. ಅಜ್ಜಿ ಹೇಳು ಅಂದ್ರು." ಅವತ್ತೇ ಹೋದೆ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಕಡ್ಡಿ ಹಾಕಿ ತೆಗೆದೆ. ಅಜ್ಜಿಯ ಹೊಸ ಹುಂಜ ಅಂಗಳದಲ್ಲೇ ಓಡಾಡುತ್ತಿತ್ತು. ನಾಲ್ಕು ದಿನಕ್ಕೆ ವರದಿ ಬಂತು. ಕೊಕ್ಕರೆ ರೋಗ.