ಅಕ್ಕಿಯ ಲೆಕ್ಕದಿಂದ ಒಂದು ಬಂದರಿನ ಆಸ್ಪತ್ರೆಯನ್ನು ಓದಿದ ನನ್ನ ಅನುಭವ

ಹಳೆಯ ಆಸ್ಪತ್ರೆಯೊಂದು ಹೇಗೆ ನಡೆಯುತ್ತಿತ್ತು ಎಂಬುದನ್ನು ವೈದ್ಯರ ವರದಿಗಿಂತ ಅಡುಗೆಮನೆಯ ಚೀಟಿಗಳೇ ಚೆನ್ನಾಗಿ ಹೇಳುತ್ತವೆ ಎಂದು ಆರು ವರ್ಷಗಳ ಹಿಂದೆ ನಾನು ಹೇಳಿದಾಗ, ನಮ್ಮ ಬಳಗದಲ್ಲಿ ನಕ್ಕವರೇ ಹೆಚ್ಚು. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯ ಉಗ್ರಾಣ ನೋಡಿಕೊಂಡವನಿಗೆ ಅಕ್ಕಿ ಮೂಟೆಯ ಆಚೆ ಇತಿಹಾಸವೆಲ್ಲಿ ಕಾಣುತ್ತದೆ ಎಂದು ಹಿರಿಯರೊಬ್ಬರು ಎದುರಿಗೇ ಕೇಳಿದರು. ಈ ವರ್ಷದ ಮಾರ್ಚ್‌ನಲ್ಲಿ ಲೆಕ್ಕ ಕೂಡಿಬಂದಿದೆ. ಆ ಹಿರಿಯರೇ ಫೋನ್ ಮಾಡಿ ವಿಧಾನವನ್ನು ಬರೆದಿಡಿ ಎಂದದ್ದರಿಂದ ಈ ಬರಹ.

ನನಗೆ ಸಿಕ್ಕಿದ್ದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಕೆನರಾ ಕರಾವಳಿಯ ಒಂದು ಬಂದರಿನಲ್ಲಿ ಆಸ್ಪತ್ರೆಗೆ ದಿನಸಿ ಒದಗಿಸುತ್ತಿದ್ದ ಗುತ್ತಿಗೆದಾರರ ಮನೆಯ ಎರಡು ಕಟ್ಟುಗಳು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋದ ಮೇಲೂ ಈ ಊರು ಮದ್ರಾಸಿನಲ್ಲಿಯೇ ಉಳಿದಿತ್ತು ಎಂಬುದಕ್ಕಿಂತ ಹೆಚ್ಚಿನ ಗುರುತು ಹೇಳಲು ಆ ಮನೆಯವರ ಒಪ್ಪಿಗೆ ಇಲ್ಲ. ಸುಮಾರು ಹದಿನೈದು ವರ್ಷಗಳ ಚೀಟಿಗಳಲ್ಲಿ ಗೆದ್ದಲು ಬಿಟ್ಟದ್ದು ಒಂಬತ್ತು ವರ್ಷಗಳದ್ದು.

ವಿಧಾನ ಸರಳವಾದದ್ದು. ತಿಂಗಳಿಗೆ ಎಷ್ಟು ಅಕ್ಕಿ ಹೋಯಿತೋ ಅದನ್ನು ಒಬ್ಬ ರೋಗಿಯ ದಿನದ ಪ್ರಮಾಣದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ತಿಂಗಳ ದಿನಗಳಿಂದ ಭಾಗಿಸಿದರೆ, ಹಾಸಿಗೆಯಲ್ಲಿದ್ದವರ ದಿನದ ಸರಾಸರಿ ಸಿಗಬೇಕು. ಸಿಗಲಿಲ್ಲ. ಮೊದಲ ವರ್ಷ ನಾನು ಸೇರನ್ನು ಎಂಬತ್ತು ತೊಲದ ಸೇರು ಎಂದೇ ಹಿಡಿದಿದ್ದೆ. ಹಾಗಾದರೆ ಪ್ರತಿ ರೋಗಿಯೂ ದಿನಕ್ಕೆ ಒಂದು ಕಿಲೋದಷ್ಟು ಅಕ್ಕಿಯನ್ನು ಉಣ್ಣಬೇಕಾಗುತ್ತಿತ್ತು, ಅದೂ ಭೇದಿಯಿಂದ ಮಲಗಿದವನು! ಮದ್ರಾಸಿನ ಸೇರು 24 ತೊಲದ್ದು, ಅಂದರೆ 280 ಗ್ರಾಮಿನಷ್ಟು, ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಉಗ್ರಾಣದ ಅಭ್ಯಾಸಬಲದಿಂದ ಕೈ ತಪ್ಪಿತು. ಊರಿಗೊಂದು ಸೇರು ಇದ್ದ ಕಾಲವಾದ್ದರಿಂದ ಉಪ್ಪಿನ ಲೆಕ್ಕದಿಂದಲೂ ತಾಳೆ ನೋಡಿದ ಮೇಲೆಯೇ ನಂಬಿದೆ.

ಎರಡನೆಯ ಪೆಟ್ಟು ಹಣದ್ದು. ಚೀಟಿಗಳನ್ನು ನಕಲು ಮಾಡಿಸಲು ಒಬ್ಬರಿಗೆ ಒಂಬತ್ತು ಸಾವಿರದಷ್ಟು ಕೊಟ್ಟಿದ್ದೆ. ಅಂಕಿಯ ಮುಂದಿನ ಗೀರುಗಳನ್ನು ಅವರು ವಾಕ್ಯ ಮುಗಿದ ಗುರುತೆಂದು ತಿಳಿದು ಬಿಟ್ಟುಬಿಟ್ಟಿದ್ದರು. ಒಂದು ಗೀರು ಕಾಲು, ಎರಡು ಅರೆ, ಮೂರು ಮುಕ್ಕಾಲು. ರೂಪಾಯಿಯಲ್ಲಾದರೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ. ಒಂಬತ್ತು ವರ್ಷಗಳ ಕಾಲು ಅರೆಗಳೆಲ್ಲ ಗಾಳಿಗೆ ಹೋದವು, ಮತ್ತೆ ನಾನೇ ಕೂತು ಎಂಟು ತಿಂಗಳು ಬರೆದೆ. ತಿರುಗಾಟ, ಛಾಯಾಪ್ರತಿ ಎಲ್ಲ ಸೇರಿ ಪಿಂಚಣಿಯಿಂದ ಎಪ್ಪತ್ತು ಸಾವಿರವಾದರೂ ಹೋಗಿರಬೇಕು. ಮನೆಯಲ್ಲಿ ಹೇಳಿದ್ದು ನಲವತ್ತು.

ಮೂರನೆಯದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. 1866-67ರಲ್ಲಿ ಅಕ್ಕಿಯ ಖರ್ಚು ಇದ್ದಕ್ಕಿದ್ದಂತೆ ಇಳಿದದ್ದನ್ನು ಕಂಡು, ಆ ವರ್ಷ ಆಸ್ಪತ್ರೆಯ ಒಂದು ಭಾಗವನ್ನೇ ಮುಚ್ಚಿರಬೇಕೆಂದು ಸಭೆಯೊಂದರಲ್ಲಿ ಘನವಾಗಿ ಓದಿಬಿಟ್ಟೆ. ಸರ್ಕಾರದ ಲೆಕ್ಕದ ವರ್ಷ ಅಲ್ಲಿಯವರೆಗೆ ಮೇ ತಿಂಗಳಿಂದ ಆರಂಭವಾಗುತ್ತಿತ್ತು, 1867ರಿಂದ ಏಪ್ರಿಲ್‌ಗೆ ಬಂತು, ನಡುವಿನ ಆ ವರ್ಷಕ್ಕೆ ಹನ್ನೊಂದೇ ತಿಂಗಳು. ಮುಚ್ಚಿದ್ದು ಒಂದು ತಿಂಗಳು ಮಾತ್ರ, ಅದೂ ಕಾಗದದಲ್ಲಿ. ಆಸ್ಪತ್ರೆಗಳ ಅಚ್ಚಾದ ವರದಿಗಳು ಜನವರಿಯಿಂದ ಎಣಿಸಿದರೆ ಗುತ್ತಿಗೆದಾರರ ಚೀಟಿ ಸರ್ಕಾರದ ವರ್ಷವನ್ನು ಹಿಡಿಯುತ್ತದೆ. ಹೋಲಿಸುವವರು ತಿಂಗಳು ತಿಂಗಳಾಗಿ ಬಿಡಿಸಿಕೊಳ್ಳಲೇಬೇಕು.

ಇಷ್ಟೆಲ್ಲ ಸರಿಪಡಿಸಿದರೂ ನನ್ನ ಸರಾಸರಿ ಅಚ್ಚಾದ ಸರಾಸರಿಗಿಂತ ಮೂರನೆಯ ಒಂದು ಪಾಲು ಕಡಿಮೆ ಬರುತ್ತಿತ್ತು. ಜಾತಿಯ ಕಾರಣಕ್ಕೆ ಆಸ್ಪತ್ರೆಯ ಅಡುಗೆ ಉಣ್ಣದೆ ಮನೆಯಿಂದ ತರಿಸಿಕೊಳ್ಳುತ್ತಿದ್ದವರು ಅಕ್ಕಿಯ ಲೆಕ್ಕಕ್ಕೆ ಸಿಗುವುದಿಲ್ಲ. ಅವರನ್ನು ನಾನು ಸೌದೆಯ ಚೀಟಿಗಳಿಂದ ಹಿಡಿದೆ. ಅನ್ನ ಬೇಡವೆಂದವನಿಗೂ ಬಿಸಿನೀರು ಬೇಕು, ನೋವಿಗೆ ಕಟ್ಟುವ ಬಿಸಿ ಹಿಟ್ಟಿನ ಪೋಲ್ಟೀಸು ಬೇಕು. ಸೌದೆಯಲ್ಲಿ ಅಡುಗೆಯ ಪಾಲನ್ನೂ ನೀರಿನ ಪಾಲನ್ನೂ ಬೇರ್ಪಡಿಸಿದ ಬಗೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಮಳೆಗಾಲದ ಹಸಿ ಸೌದೆಗೆ ಬೇರೆ ಲೆಕ್ಕ ಎಂದಷ್ಟು ಹೇಳಿದರೆ ಬಲ್ಲವರಿಗೆ ಸಾಕು. ಈಗ ಒಂಬತ್ತರಲ್ಲಿ ಏಳು ವರ್ಷ ಒಬ್ಬಿಬ್ಬರ ಅಂತರದಲ್ಲಿ ತಾಳೆಯಾಗುತ್ತವೆ. ಉಳಿದ ಎರಡು ವರ್ಷಗಳಲ್ಲಿ ತಪ್ಪು ಅಚ್ಚಿನದೇ ಎಂದು ನನ್ನ ಗುಮಾನಿ.

ಲೆಕ್ಕ ಕೂಡಿದ ಮೇಲೆ ಬಂದರು ತಾನಾಗಿಯೇ ಕಾಣಿಸತೊಡಗಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರೆಡ್ಡಿನ ಚೀಟಿ ಒಂದೂ ಇಲ್ಲ. ಮಳೆಗಾಲದ ಕಡಲಿಗೆ ಹಡಗು ಬಾರದಿದ್ದಾಗ ಬ್ರೆಡ್ಡು ತಿನ್ನುವ ನಾವಿಕರೂ ಇರುತ್ತಿರಲಿಲ್ಲ. ಅದೇ ತಿಂಗಳುಗಳಲ್ಲಿ ಗಂಜಿಯ ಅಕ್ಕಿಯೂ ಸಾಬುದಾನವೂ ಏರುತ್ತವೆ. ಹಣದ ಕಥೆ ಇನ್ನೂ ಸ್ಪಷ್ಟ. ಬೊಂಬಾಯಿಯಲ್ಲಿ ಜಮ್ಷೆಟ್‌ಜಿ ಜೀಜೀಭಾಯ್ ಅವರು ಲಕ್ಷ ರೂಪಾಯಿ ಮುಂದಿಟ್ಟು ಈಸ್ಟ್ ಇಂಡಿಯಾ ಕಂಪನಿಯೂ ಕೈ ಸೇರಿಸಬೇಕೆಂದು ಪಟ್ಟು ಹಿಡಿದದ್ದರಿಂದ 1845ರಲ್ಲಿ ದೊಡ್ಡ ಆಸ್ಪತ್ರೆ ತೆರೆಯಿತು. ನಮ್ಮ ಸಣ್ಣ ಬಂದರಿನಲ್ಲಿ ಅಂಥ ಸಾಹುಕಾರರಿರಲಿಲ್ಲ, ವರ್ತಕರ ಚಂದಾ ಒಂದು ವರ್ಷ ಬಂದರೆ ಮರುವರ್ಷ ಇಲ್ಲ. ಮದ್ರಾಸಿನಲ್ಲಿ 1871ರ ಲೋಕಲ್ ಫಂಡ್ (ಸ್ಥಳೀಯ ತೆರಿಗೆಯ ನಿಧಿ) ಮತ್ತು ಪಟ್ಟಣ ಸುಧಾರಣೆಯ ಕಾಯಿದೆಗಳು ಬಂದ ಮೇಲೆ ಬಿಲ್ಲಿನ ವಿಳಾಸವೇ ಬದಲಾಗುತ್ತದೆ. ಬಾಕಿ ಬರುವ ಅವಧಿ ಮಾತ್ರ ಬದಲಾಗಲಿಲ್ಲ. ಗುತ್ತಿಗೆದಾರರು ಐದಾರು ತಿಂಗಳು ಕಾದಿದ್ದಾರೆ, ಕಾಯುವ ಬಡ್ಡಿಯನ್ನು ಅಕ್ಕಿಯ ದರದಲ್ಲಿ ಮೊದಲೇ ಸೇರಿಸಿಯೂ ಇದ್ದಾರೆ. ನನ್ನ ಕಾಲದ ಗುತ್ತಿಗೆದಾರರಿಗೂ ಈ ವಿದ್ಯೆ ಚೆನ್ನಾಗಿ ಬರುತ್ತಿತ್ತು.

ನಡುವೆ ಒಂದೆರಡು ಹುಚ್ಚಾಟಗಳನ್ನೂ ಮಾಡಿದೆ. ಒಂದು ಸೇರು ಕುಚ್ಚಲಕ್ಕಿಯ ಗಂಜಿ ಒಬ್ಬನ ಒಂದು ದಿನಕ್ಕೆ ಸಾಲುತ್ತದೆಯೇ ಎಂದು ನಾಲ್ಕು ದಿನ ಅದನ್ನೇ ಉಂಡೆ. ಮಲಗಿರುವವನಿಗೆ ಸಾಲುತ್ತದೆ, ತೋಟಕ್ಕೆ ಹೋಗಿಬಂದವನಿಗೆ ಸಾಲದು. ರಾತ್ರಿ ಎಷ್ಟು ದೀಪ ಉರಿಯುತ್ತಿತ್ತೆಂದು ತಿಳಿಯಲು ಹಿತ್ತಾಳೆಯ ದೀಪಕ್ಕೆ ತೆಂಗಿನೆಣ್ಣೆ ತೂಗಿ ಹಾಕಿ ಬೆಳಗಿನವರೆಗೆ ಕಾದೆ. ಬತ್ತಿಯ ದಪ್ಪಕ್ಕೆ ತಕ್ಕಂತೆ ಖರ್ಚು ದುಪ್ಪಟ್ಟಾಗುವುದರಿಂದ ಆ ಲೆಕ್ಕ ನಿಲ್ಲಲಿಲ್ಲ. ಮೂರನೆಯ ರಾತ್ರಿ ಬೆಕ್ಕು ದೀಪವನ್ನು ಉರುಳಿಸಿದ ಮೇಲೆ, ಎಣ್ಣೆಯ ಚೀಟಿಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ.