ಸ್ಕೀಯಿಂಗ್ ಅಂದ್ರೆ ಭಯಾನಾ? ಮೊದಲು ಬೂಟು ನೋಡ್ಕೊಳ್ಳಿ

ಜನವರಿ, ಫೆಬ್ರವರಿಗೆ ಗುಲ್ಮಾರ್ಗ್ ಕಡೆ ಹೊರಟಿರೋರಿಗೆ: ಬೆಂಗಳೂರು ಸುಮಾರು 900 ಮೀಟರ್ ಎತ್ತರ, ಅದು 2,600ಕ್ಕೂ ಮೇಲೆ. ಹೋದ ದಿನವೇ ಸ್ಕೀ ಕಟ್ಟಬೇಡಿ, ಕಾಟೇಜಲ್ಲಿ ಬೆಚ್ಚಗೆ ಕೂತು ಕಾಶ್ಮೀರಿ ಕಹ್ವಾ ಚಹಾ ಕುಡೀರಿ.

ಅರ್ಧ ಭಯ ಬೂಟಿನದೇ. ಎರಡು ಜೊತೆ ಸಾಕ್ಸ್ ಹಾಕಿದ್ರೆ ಒಳಗೆ ಕಾಲು ಜಾರಿ ಹಿಡಿತ ತಪ್ಪುತ್ತೆ. ಮಂಡಿವರೆಗಿನ ತೆಳು ಉಣ್ಣೆ ಸಾಕ್ಸ್ ಒಂದೇ ಸಾಕು. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು.

ಹೆದರಿದವರೆಲ್ಲ ಹಿಂದಕ್ಕೆ ವಾಲ್ತಾರೆ, ಎಡವಟ್ಟಾಗೋದೇ ಅಲ್ಲಿ. ಭಾರ ಹಿಮ್ಮಡಿಗೆ ಬಿದ್ರೆ ಸ್ಕೀಯ ಮುಂಭಾಗ ಹಗುರಾಗಿ ಮಾತೇ ಕೇಳಲ್ಲ. ಮೊಣಕಾಲ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತಿರಲಿ. ನಿಧಾನ ಮಾಡೋಕೆ ಸ್ಕೀಗಳ ಮುಂದಿನ ತುದಿಗಳು ಹತ್ತಿರ, ಹಿಂಭಾಗ ಅಗಲ, ಪಿಜ್ಜಾ ತುಂಡಿನ ಹಾಗೆ. ಒಳ ಅಂಚು ಹಿಮ ಕೆರೆಯುತ್ತೆ, ಅದೇ ಬ್ರೇಕು.

ಕೈ ಮೀರಿದ್ರೆ ಗುಡ್ಡದ ಮೇಲ್ಭಾಗದ ಕಡೆಗೆ, ಪಕ್ಕಕ್ಕೆ ಕುಸಿದು ಕೂತುಬಿಡಿ. ಏಳುವಾಗ ಸ್ಕೀ ಎರಡೂ ಇಳಿಜಾರಿಗೆ ಅಡ್ಡವಾಗಿ, ನಿಮಗಿಂತ ಕೆಳಗಿರಲಿ. ಇಲ್ಲಾಂದ್ರೆ ಎದ್ದ ಕೂಡ್ಲೇ ಮತ್ತೆ ಜಾರ್ತೀರಿ.

ಹೊರಡೋ ತಿಂಗಳ ಮುಂಚೆಯಿಂದ ಗೋಡೆಗೊರಗಿ ಕುರ್ಚಿ ಭಂಗಿ, 40 ಸೆಕೆಂಡಿನಂತೆ 3 ಸಲ. ಲಾಲ್‌ಬಾಗ್ ಬಂಡೆ ಮೇಲೆ ಅಡ್ಡಡ್ಡ ಹೆಜ್ಜೆ ಹತ್ತಿಳಿದ್ರೂ ಅಭ್ಯಾಸವೇ.

ಬಾಡಿಗೆ ಅಂಗಡೀಲಿ ತೂಕ ನಿಜ ಹೇಳಿ. ಬೂಟನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗಿನ ಬಿಗಿ ಅದನ್ನೂ ನೋಡಿಯೇ ಕೂರಿಸೋದು. ಜಾಸ್ತಿ ಬಿಗಿಯಾದ್ರೆ ಬಿದ್ದಾಗ ಕಳಚಿಕೊಳ್ಳದೆ ಮಂಡಿ ತಿರುಚುತ್ತೆ.