ಇಂಜಿನ್ ಬೋರ್ ಮಾಡಿಸುವ ಮೊದಲು ನಾಲ್ಕು ಪ್ಲಗ್ ಬಿಚ್ಚಿ ನೋಡಿದೆ

ದೊಡ್ಡಪ್ಪನ 1978ರ ಅಂಬಾಸಿಡರ್ ಹೊಳಲ್ಕೆರೆಯ ಮನೆ ಹಿಂದೆ ಮೂರು ವರ್ಷ ಸುಮ್ನೆ ನಿಂತಿತ್ತು. ದಾವಣಗೆರೆಗೆ ಓಡಿಸಿಕೊಂಡೇ ಬಂದೆ. ಆದರೆ ಮಿಸ್ಸಿಂಗ್ ಜಾಸ್ತಿ, ಪಿಕಪ್ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬರುತ್ತಿತ್ತು. ಗ್ಯಾರೇಜಿನವರು ಅದನ್ನು ನೋಡಿಯೇ ಹೇಳಿದರು: "ರಿಂಗ್ ಹೋಗ್ಯಾವ್ರೀ ಸಾರ್. ಇಂಜಿನ್ ಇಳಿಸಿ ಬೋರ್ ಮಾಡ್ಸೋದೇ."

ರಿಂಗ್ ಅಂದರೆ ಪಿಸ್ಟನ್ ಸುತ್ತಲಿನ ಬಳೆ, ಬೋರ್ ಮಾಡಿಸುವುದು ಅಂದರೆ ಸವೆದ ಸಿಲಿಂಡರನ್ನು ಕೊರೆಸುವುದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ಅದು ನಿಜ. ಆದರೆ ಆಯಿಲ್ ಯಾವ ದಾರಿಯಲ್ಲಿ ಬರುತ್ತಿದೆ ಅಂತ ನೋಡಬೇಕಲ್ವಾ? ಗಾಡಿ ಎಳೆಯುವಾಗಲೆಲ್ಲ ಹೊಗೆ ಬಂದರೆ ರಿಂಗ್ ಮೇಲೆ ಅನುಮಾನ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಮಾತ್ರ ಬಂದು ನಿಂತುಹೋದರೆ, ಸವೆದ ವಾಲ್ವ್ ಸೀಲ್ (ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವಿನ ಕಡ್ಡಿಗೆ ಹಾಕಿದ ರಬ್ಬರ್) ದಾಟಿ ಆಯಿಲ್ ಕೆಳಗಿಳಿದಿರುತ್ತದೆ. ನನ್ನ ಗಾಡಿಯದು ಎರಡನೆಯ ಥರ. ಹಾಗಾಗಿ ಬೋರಿಂಗಿಗೆ ಒಪ್ಪಲಿಲ್ಲ. ಮೊದಲು ಅಳೆಯೋಣ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಬಾತಿ ಕೆರೆ ತನಕ ಹೋಗಿಬಂದು ಇಂಜಿನ್ ಬಿಸಿ ಮಾಡಿದೆ. ನಾಲ್ಕೂ ಪ್ಲಗ್ ಬಿಚ್ಚಿದೆ. ಸ್ಪಾರ್ಕ್ ಬಾರದ ಹಾಗೆ ಕಾಯಿಲ್ ವೈರ್ ತೆಗೆದೆ. ಮಗಳು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದಳು. ಕಾಲು ಸಡಿಲ ಬಿಟ್ಟರೆ ಒಳಗೆ ಗಾಳಿ ಸಾಲದೆ ಅಂಕಿ ಕಡಿಮೆ ಬರುತ್ತದೆ. ಬ್ಯಾಟರಿ ಕೂಡ ಪೂರ್ತಿ ಚಾರ್ಜ್ ಆಗಿರಬೇಕು. ಒಂದೊಂದು ಸಿಲಿಂಡರಿಗೂ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ ಐದಾರು ಸುತ್ತು ತಿರುಗಿಸಿದೆವು.

ಒಂದು, ಎರಡು, ನಾಲ್ಕನೆಯದು ಚದರ ಇಂಚಿಗೆ 128, 125, 126 ಪೌಂಡ್. ಮೂರನೆಯದು ಮಾತ್ರ 82.

ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸವನ್ನು ನಾನು ಹೆಚ್ಚು ನಂಬುತ್ತೇನೆ. ಗೇಜಿನಿಂದ ಗೇಜಿಗೆ ಅಂಕಿ ಬದಲಾಗುತ್ತದೆ. ಶೇಕಡಾ ಹತ್ತರೊಳಗೆ ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ. ಪಕ್ಕಪಕ್ಕದ ಎರಡೂ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಮೇಲೆ ಅನುಮಾನ ಪಡುತ್ತಿದ್ದೆ. ಇಲ್ಲಿ ಒಂದೇ ಬಿದ್ದಿತ್ತು.

ಮೂರನೆಯ ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆದೆ. ಸವೆದ ರಿಂಗ್ ಆಗಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಚೆನ್ನಾಗಿ ಏರಬೇಕು. ಬಂದದ್ದು 85. ಅಂದರೆ ಸೋರಿಕೆ ಇದ್ದದ್ದು ರಿಂಗಿನಲ್ಲಲ್ಲ, ವಾಲ್ವಿನಲ್ಲಿ. ಆ ಕ್ಷಣ ನನಗಾದ ಖುಷಿ ಅಷ್ಟಿಷ್ಟಲ್ಲ. ದೊಡ್ಡಪ್ಪನ ಇಂಜಿನ್ನಿನ ಕೆಳಭಾಗ ಇನ್ನೂ ಗಟ್ಟಿ!

ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ, ಅಂದರೆ ಮ್ಯಾನಿಫೋಲ್ಡಿಗೆ, ಆ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಚ್ಚಿದೆ. ಸಮುದ್ರ ಮಟ್ಟದಲ್ಲಿ ಒಳ್ಳೆ ಇಂಜಿನ್ ಐಡಲಿನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಂದರೆ ನಮಗೆ ಹತ್ತಿರಹತ್ತಿರ ಎರಡು ಇಂಚು ಕಡಿಮೆ. ನನ್ನ ಮುಳ್ಳು 16ರ ಹತ್ತಿರ ಇತ್ತು. ಅದು ಸರಿ. ಆದರೆ ತಾಳ ಹಾಕಿದ ಹಾಗೆ ಮತ್ತೆಮತ್ತೆ ಒಂದೇ ಲಯದಲ್ಲಿ ಕೆಳಗೆ ಬೀಳುತ್ತಿತ್ತು. ವಾಲ್ವ್ ಸುಟ್ಟಿದ್ದರೆ ಹೀಗೆ ಆಗುತ್ತದೆ. ಸೈಲೆನ್ಸರ್ ಬಾಯಿಗೆ ಕಾಗದದ ಚೂರು ಹಿಡಿದರೆ ಅದೂ ಆಗಾಗ ಒಳಗೆ ಎಳೆದುಕೊಳ್ಳುತ್ತಿತ್ತು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವೇ ಇರಬೇಕು ಅನ್ನಿಸಿತು.

ಈ 1489 ಸಿಸಿ ಇಂಜಿನ್ನಿನಲ್ಲಿ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, ನೋಡಲು ಒಂಬತ್ತರ ಲೆಕ್ಕ ಇದೆ. ಎಂಟು ವಾಲ್ವಿಗೆ ಮುಂದಿನಿಂದ ನಂಬರ್ ಕೊಡಿ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು, ನಾಲ್ಕನೆಯದು ತೆರೆದಾಗ ಐದನೆಯದನ್ನು ಅಳೆಯಬೇಕು. ಎರಡೂ ಕೂಡಿದರೆ ಒಂಬತ್ತು. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ಐದನೆಯದು. ಇಂಚಿನ ಸಾವಿರದಲ್ಲಿ 15 ಪಾಲು ಸಂದು ಇರಬೇಕಾದ ಜಾಗದಲ್ಲಿ ಸಂದು ಅಳೆಯುವ ಫೀಲರ್ ಗೇಜಿನ ತೀರಾ ತೆಳ್ಳನೆಯ ಎಲೆಯೂ ಒಳಗೆ ಹೋಗಲಿಲ್ಲ.

ಕಾರಣ ಪೆಟ್ರೋಲಿನಲ್ಲೂ ಇದೆ. 2000ರಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಹಳೆಯ ಬೀಡುಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಕೂರುವ ಸೀಟನ್ನು ಮೊದಲಿದ್ದ ಆ ಸೀಸ ಕಾಪಾಡುತ್ತಿತ್ತು. ಅದಿಲ್ಲದೆ ಸೀಟ್ ಸವೆಯುತ್ತದೆ, ವಾಲ್ವ್ ಒಳಗೆ ಕೂರುತ್ತದೆ, ಸಂದು ಮುಚ್ಚಿಹೋಗುತ್ತದೆ. ವಾಲ್ವ್ ಪೂರ್ತಿ ಮುಚ್ಚದಿದ್ದರೆ ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಅಂಚು ಸುಡುತ್ತದೆ.

ಹೆಡ್ ಇಳಿಸಿದಾಗ ಅದೇ ಕಂಡಿತು. ಐದನೆಯ ವಾಲ್ವಿನ ಅಂಚಿನಲ್ಲಿ ಕಚ್ಚು ಬಿದ್ದಿತ್ತು. ಸಿಲಿಂಡರ್ ಗೋಡೆಯ ಮೇಲ್ಭಾಗಕ್ಕೆ ಉಗುರು ತಾಗಿಸಿ ಎಳೆದೆ, ಸವೆದಿದ್ದರೆ ಸಿಗುವಂಥ ಮೆಟ್ಟಿಲು ಹೇಳಿಕೊಳ್ಳುವಷ್ಟು ಸಿಗಲಿಲ್ಲ. ಲೇತ್ ಅಂಗಡಿಯಲ್ಲಿ ನಾಲ್ಕು ಎಕ್ಸಾಸ್ಟಿಗೂ ಗಟ್ಟಿ ಸೀಟ್ ಕೂರಿಸಿದರು, ಸುಟ್ಟ ವಾಲ್ವಿಗೆ ಹೊಸದು ಹಾಕಿದೆ. ವಾಲ್ವ್ ಸೀಲ್‌ಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು, ಅವನ್ನೂ ಬದಲಿಸಿದೆ. ಬೆಳಗಿನ ಹೊಗೆ ಅಲ್ಲಿಗೆ ನಿಂತಿತು. ಮೂರನೆಯ ಸಿಲಿಂಡರ್ 124ಕ್ಕೆ ಬಂತು.

ಈಗ ಪ್ರತಿ ವರ್ಷ ಆಯುಧಪೂಜೆಗೆ ಗಾಡಿ ತೊಳೆಯುವ ಮೊದಲು ನಾಲ್ಕು ಅಂಕಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಸೆಲ್ಫ್ ಹೊಡೆಯುವುದು ಮಗಳ ಕೆಲಸ.